ಅಬ್ನೋಬಮ್ಮ ನಮ್ಮವರನ್ನು ಹುಡುಕಿಕೊಟ್ಟದ್ದು

ಕಳೆದ ಮೆರ್ಡೇಕಾ, ಅಂದರೆ ಮಲೇಷ್ಯಾದ ಸ್ವಾತಂತ್ರ್ಯ ದಿನದ ರಜೆಯಂದು ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಗಂಡನನ್ನು ನಾನೇ ಕಾಡಿಗೆ ಕಳಿಸಿದೆ. ಬರಿಗಾಲಲ್ಲಿ, ಫೋನಿಲ್ಲದೆ, ಕೈಗೊಂದು ಹಳದಿ ಬಟ್ಟೆಯ ಚೀಲ ಕೊಟ್ಟು ಕಳಿಸಿದೆ. ಮರುದಿನ ಬೆಳಗ್ಗೆ ಒಂಬತ್ತೂಮುಕ್ಕಾಲರವರೆಗೆ ಅವರು ಬದುಕಿದ್ದಾರೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಅಷ್ಟು ಹೊತ್ತಿನಲ್ಲಿ ನಾನು ಯಾರನ್ನು ಕೂಗಿದೆ, ಯಾರು ಓಗೊಟ್ಟರು ಎಂಬುದನ್ನು ನಮ್ಮ ಭಜನಾ ಬಳಗದವರೆಲ್ಲರ ಮುಂದೆ ಹೇಳಿಕೊಳ್ಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ಅದಕ್ಕೇ ಈ ಬರಹ.

ಬಳಗಕ್ಕೆ ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ. ನನ್ನ ಹೆಸರು ವಾರಿಜಾ, ಊರು ಉಡುಪಿ, ಈಗಿರುವುದು ಮಲೇಷ್ಯಾದ ಪುಚೊಂಗಿನ ಒಂದು ಕಾಂಡೋದ ಹದಿನಾಲ್ಕನೆಯ ಮಹಡಿಯಲ್ಲಿ. ದಂತವೈದ್ಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮವರು ಶ್ರೀಧರ, ವೈದ್ಯಕೀಯ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಕಲಿಸುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಮಗಳು ಅನಘಾಳಿಗೆ ಹದಿನಾರು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಬ್ಬರೂ ಹೇಳುತ್ತಾರೆ. ಸುಳ್ಳಲ್ಲ.

ಇನ್ನು ಅಬ್ನೋಬಮ್ಮನ ವಿಷಯ. ಅನಘಾ ನಾಲ್ಕು ವರ್ಷದವಳಿದ್ದಾಗ ನಮ್ಮವರು ಸಂಶೋಧನೆಗೆಂದು ಒಂದು ವರ್ಷ ಜರ್ಮನಿಯಲ್ಲಿದ್ದರು, ಕಪ್ಪು ಕಾಡು ಎಂದು ಕರೆಯುವ ಸೀಮೆಯಲ್ಲಿ. ನಾನು ಕೆಲಸವಿಲ್ಲದೆ, ಭಾಷೆ ಬಾರದೆ, ಮಗುವನ್ನು ಕಟ್ಟಿಕೊಂಡು ಮನೆಯಲ್ಲಿ ಕೂತು ಅಳುತ್ತಿದ್ದೆ. ಮನೆಯ ಒಡತಿ ಹೆಲ್ಗಾ ಎಂಬ ಮುದುಕಿ ಒಂದು ದಿನ ನನ್ನನ್ನು ಎಳೆದುಕೊಂಡು ಹೋಗಿ, ಹಳೆಯ ಸ್ನಾನಗೃಹವೊಂದರ ಪಾಳು ಗೋಡೆಗಳ ನಡುವೆ ಒಂದು ಕಲ್ಲನ್ನು ತೋರಿಸಿದಳು. ಅದರ ಮೇಲೆ ಅಬ್ನೋಬಾ ಎಂದು ಕೊರೆದಿತ್ತು. ರೋಮನ್ನರು ಬರುವ ಮುಂಚೆಯೇ ಆ ಸೀಮೆಯ ಕೆಲ್ಟ್ ಜನ ಪೂಜಿಸುತ್ತಿದ್ದ ತಾಯಿ ಅವಳು. ಬಂದ ರೋಮನ್ನರೂ ಅವಳನ್ನು ಬಿಡದೆ, ತಮ್ಮ ಬೇಟೆಯ ದೇವಿಯ ಹೆಸರಿನ ಜೊತೆ ಸೇರಿಸಿ ಕೈಮುಗಿದರಂತೆ. ಆ ಬೆಟ್ಟಸಾಲಿಗೇ ಹಿಂದೆ ಅವಳ ಹೆಸರಿತ್ತು. ಅಲ್ಲಿನ ಕಾಡು ಅವಳದು, ಅಲ್ಲಿ ಹುಟ್ಟುವ ನದಿಗಳು ಅವಳವು, ಬೇಟೆ ಅವಳದು. ಅವಳ ಕಥೆ, ಹಾಡು, ಮಂತ್ರ ಒಂದೂ ಉಳಿದಿಲ್ಲ; ಹೆಸರು ಮಾತ್ರ ಕೆಲವು ಕಲ್ಲುಗಳ ಮೇಲೆ ಉಳಿದಿದೆ. ಆ ಕಲ್ಲಿನ ಮುಂದೆ ನಾನು ಯಾಕೋ ಮನಸಾರೆ ಅತ್ತೆ. ಅತ್ತ ಮೇಲೆ ಮನಸ್ಸು ಹಗುರವಾಯಿತು. ನಾವು ಆ ಊರು ಬಿಡುವಾಗ ಹೆಲ್ಗಾ ಅಂಗೈಯಗಲದ ಒಂದು ಮಣ್ಣಿನ ಮೂರ್ತಿಯನ್ನು ಕೈಯಲ್ಲಿಟ್ಟಳು. ಮೊಣಕಾಲಿನವರೆಗಿನ ಉಡುಪು, ಬೆನ್ನಿಗೆ ಬತ್ತಳಿಕೆ, ಕಾಲ ಬಳಿ ಬೇಟೆನಾಯಿ.

ಮೂರ್ತಿ ನಮ್ಮ ಜೊತೆ ಮಲೇಷ್ಯಾಕ್ಕೆ ಬಂದು ದೇವರ ಗೂಡಿನಲ್ಲಿ ಕೃಷ್ಣನ ಪಕ್ಕ ನಿಂತಿತು. ನಮ್ಮವರು ಅದನ್ನು ಶೋಪೀಸ್ ಎಂದರು. ಬಳಗದಲ್ಲಿ ಕೆಲವರು ‘ಜರ್ಮನಿ ಅಮ್ಮ’ ಎಂದು ನಕ್ಕಿರಿ. ಹೆಸರು ಹೇಳುವುದಿಲ್ಲ, ನಿಮಗೇ ಗೊತ್ತು. ನನಗೂ ಒಳಗೊಳಗೆ ಅಳುಕಿತ್ತು. ಉಡುಪಿಯಲ್ಲಿರುವ ಅತ್ತೆಯನ್ನು ಫೋನಿನಲ್ಲಿ ಕೇಳಿದೆ.

“ದೇವರಿಗೆ ಎಂತ ಪಾಸ್‌ಪೋರ್ಟ್ ಬೇಕಾ ಮಾರಾಯ್ತಿ? ಬಂದಾಯ್ತಲ್ಲ, ಇರ್ಲಿ. ದಿನಾ ಒಂದು ಹೂ ಇಡು,” ಎಂದರು ಅತ್ತೆ.

ನೈವೇದ್ಯ ಏನು ಎಂಬ ಪ್ರಶ್ನೆ ಬಂತು. ಬೇಟೆಯ ದೇವಿಗೆ ಅವಳ ಊರಿನಲ್ಲಿ ಏನು ಕೊಡುತ್ತಿದ್ದರೋ, ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ನಮ್ಮ ಮನೆಗೆ ಬಂದ ಮೇಲೆ ನಮ್ಮ ಊಟ ತಾಯಿ ಎಂದು ಹೇಳಿ, ಒಂದು ಸಣ್ಣ ತಟ್ಟೆಯಲ್ಲಿ ಕಲ್ಲುಸಕ್ಕರೆ ಇಡತೊಡಗಿದೆ. ಅವಳು ಬೇಡವೆನ್ನಲಿಲ್ಲ.

ಹಳದಿ ಚೀಲದಲ್ಲಿ ಏನಿತ್ತು ಎಂಬುದನ್ನು ನಿಮ್ಮಲ್ಲಿ ಹಲವರು ಈಗಾಗಲೇ ಊಹಿಸಿರಬಹುದು. ದೇವರ ಮೇಲಿಂದ ತೆಗೆದ ಹೂವನ್ನು, ನಿರ್ಮಾಲ್ಯವನ್ನು, ನಾವು ಕಸಕ್ಕೆ ಹಾಕುವುದಿಲ್ಲ. ಹರಿಯುವ ನೀರಿಗೆ ಬಿಡಬೇಕು, ಇಲ್ಲವೇ ಯಾರೂ ತುಳಿಯದ ಗಿಡದ ಬುಡಕ್ಕೆ ಹಾಕಬೇಕು. ಹದಿನಾಲ್ಕನೆಯ ಮಹಡಿಯಲ್ಲಿ ಗಿಡವೆಲ್ಲಿ, ಹೊಳೆಯೆಲ್ಲಿ? ಹಾಗಾಗಿ ಬಾಲ್ಕನಿಯಲ್ಲಿ ಚೀಲ ಕಟ್ಟಿ ಕೂಡಿಡುತ್ತೇವೆ. ಯಾರಾದರೂ ಜಲಪಾತಕ್ಕೋ ನದಿಗೋ ಪಿಕ್ನಿಕ್ ಹೊರಟರೆ, ನಮ್ಮದೂ ಸ್ವಲ್ಪ ಇದೆ ಎಂದು ಅವರ ಕಾರಿನ ಡಿಕ್ಕಿಗೆ ಸೇರಿಸುತ್ತೇವೆ. ಅದು ಶ್ರಾವಣದ ಹಬ್ಬಗಳು ಮುಗಿದ ಸಮಯ. ವರಮಹಾಲಕ್ಷ್ಮಿಯ ಹೂವೂ ಸೇರಿ ನಮ್ಮ ಚೀಲ ಉಬ್ಬಿ ಕೂತಿತ್ತು.

ಆ ದಿನ ನಾವು ಮೂವರು, ಜೊತೆಗೆ ಗಿರೀಶ ಮತ್ತು ಅವನ ಹೆಂಡತಿ ಮಂಜುಳಾ, ಎರಡು ಕಾರಿನಲ್ಲಿ ಹುಲು ಲಂಗಾಟ್ ಕಡೆಗೆ ಹೋದೆವು. ಗಿರೀಶ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸದವನು. ಇಬ್ಬರೂ ಬೆಂಗಳೂರಿನವರು, ನನ್ನನ್ನು ಅಕ್ಕ ಎನ್ನುತ್ತಾರೆ. ನದಿ, ಬಂಡೆ, ಹಿಂದೆ ದಟ್ಟ ಕಾಡು. ರಜೆಯಾದ್ದರಿಂದ ಜನವೋ ಜನ. ಮಕ್ಕಳು ರಬ್ಬರ್ ಟ್ಯೂಬಿನಲ್ಲಿ ತೇಲುತ್ತಿದ್ದರು. ದಂಡೆಯ ಮೇಲೆ, ನದಿಗೆ ಕಸ ಹಾಕಬಾರದು ಎಂಬ ದೊಡ್ಡ ಫಲಕವಿತ್ತು.

ನಮ್ಮವರು ಫಲಕ ಓದಿದರು, ಚೀಲ ನೋಡಿದರು.

“ಇಲ್ಲಿ ಬೇಡ ವಾರಿಜಾ. ಯಾರಾದ್ರೂ ಏನಾದ್ರೂ ಹೇಳ್ತಾರೆ. ವಾಪಸ್ ತಕೊಂಡು ಹೋಗುವ,” ಎಂದರು.

“ಒಂದೂವರೆ ತಿಂಗಳಿಂದ ಬಾಲ್ಕನಿಯಲ್ಲಿ ಉಂಟು. ಪುನಃ ಅದನ್ನು ಹೊತ್ಕೊಂಡು ಹೋಗುದಾ? ಸ್ವಲ್ಪ ಮೇಲೆ ಹೋಗಿ, ಜನ ಕಾಲಿಡದ ಕಡೆ ಬಿಟ್ಟು ಬನ್ನಿ. ಚಪ್ಪಲಿ ಬೇಡ, ದೇವರ ಹೂ ಅದು.”

ಅವರು ಚಪ್ಪಲಿ ಕಳಚಿ ಚಾಪೆಯ ಪಕ್ಕ ಜೋಡಿಸಿಟ್ಟರು. ಅವರ ಫೋನು ಫೋಟೋ ತೆಗೆಯಲೆಂದು ಅನಘಾಳ ಕೈಯಲ್ಲಿತ್ತು. ಬೆಳಗ್ಗೆ ಏಳಕ್ಕೆ ಇನ್ಸುಲಿನ್ ಚುಚ್ಚಿಕೊಂಡು ಮೂರು ಇಡ್ಲಿ ತಿಂದಿದ್ದರು. ಹನ್ನೆರಡೂವರೆಗೆ ಊಟ ಮಾಡಲೇಬೇಕು. ಹತ್ತು ನಿಮಿಷದ ಕೆಲಸ ಎಂದುಕೊಂಡೆ.

ಹನ್ನೆರಡಾದರೂ ಬರಲಿಲ್ಲ. ನನಗೆ ಸಿಟ್ಟು ಬಂತು. ಯಾರೋ ಗುರುತಿನವರು ಸಿಕ್ಕಿ ಮಾತಿಗೆ ಕೂತಿರಬೇಕು ಎಂದು ಬೈದುಕೊಂಡೆ. ಹನ್ನೆರಡೂವರೆಗೆ ಸಿಟ್ಟು ಹೋಗಿ, ಎದ್ದು ನದಿಯ ಮೇಲ್ಗಡೆಯನ್ನೇ ನೋಡುತ್ತಾ ನಿಂತೆ.

“ಅಕ್ಕ, ನೀವ್ ಇಲ್ಲೇ ಇರಿ, ನಾನ್ ನೋಡ್ಕೊಂಡ್ ಬರ್ತೀನಿ,” ಎಂದು ಗಿರೀಶ ಹೋದ. ಒಂದು ಗಂಟೆಯ ನಂತರ ಒಬ್ಬನೇ ಬಂದ. ಶರ್ಟೆಲ್ಲ ಒದ್ದೆ, ಕಾಲಿನ ತುಂಬ ಜಿಗಣೆ. “ಮೇಲ್ಗಡೆ ಸರಿಯಾಗ್ ದಾರಿನೇ ಇಲ್ಲ ಅಕ್ಕ. ಕೂಗಿ ಕೂಗಿ ಸಾಕಾಯ್ತು. ನೀರಿನ್ ಸದ್ದಲ್ಲಿ ಏನೂ ಕೇಳ್ಸಲ್ಲ.”

ಎರಡೂವರೆಗೆ ಬೆಟ್ಟದ ತುದಿ ಕಪ್ಪಾಯಿತು. ನಾವಿದ್ದಲ್ಲಿ ನಾಲ್ಕು ಹನಿ ಬಿದ್ದಿತ್ತು, ಅಷ್ಟೇ. ಅಷ್ಟರಲ್ಲಿ ನದಿಯ ಬಣ್ಣ ಬದಲಾಯಿತು. ಇಲ್ಲಿನವರಿಗೆ ಅದು ಗೊತ್ತು; ‘ಕೆಪಾಲಾ ಆಯರ್’ ಎಂದು ಕೂಗುತ್ತಾ ಮಕ್ಕಳನ್ನು ಎಳೆದುಕೊಂಡು ದಂಡೆಗೆ ಓಡಿದರು. ಬೆಟ್ಟದ ಮೇಲೆ ಸುರಿದ ಮಳೆ ಒಮ್ಮೆಲೇ ಕೆಳಕ್ಕೆ ನುಗ್ಗಿ ಬರುವುದಕ್ಕೆ ಹಾಗೆನ್ನುತ್ತಾರೆ. ಐದು ನಿಮಿಷದಲ್ಲಿ ನಾವು ಕೂತಿದ್ದ ಬಂಡೆ ಮುಳುಗಿತು. ಒಂದು ಇಡೀ ಮರ ಬೇರು ಸಮೇತ ನನ್ನ ಕಣ್ಣೆದುರು ಕೊಚ್ಚಿಕೊಂಡು ಹೋಯಿತು. ಅನಘಾ ನನ್ನ ತೋಳನ್ನು ಹಿಡಿದುಕೊಂಡಿದ್ದಳು.

ನಾಲ್ಕು ಗಂಟೆಯ ಹೊತ್ತಿಗೆ ಬೊಂಬಾ, ಅಂದರೆ ಇಲ್ಲಿನ ಅಗ್ನಿಶಾಮಕ ದಳದವರು ಬಂದರು. ಅವರ ಅಧಿಕಾರಿ ನನ್ನನ್ನು ಕಾಕಕ್, ಅಕ್ಕ ಎಂದು ಕರೆದು, ಸಮಾಧಾನದಿಂದ ಒಂದೊಂದೇ ಪ್ರಶ್ನೆ ಕೇಳಿದರು. ವಯಸ್ಸು, ಬಟ್ಟೆಯ ಬಣ್ಣ, ಈಜು ಬರುತ್ತದೆಯೇ, ಔಷಧಿ ಏನಾದರೂ ಇದೆಯೇ. ಇನ್ಸುಲಿನ್ ಎಂದಾಗ ಅವರು ಒಂದು ಕ್ಷಣ ಬೇರೆ ಕಡೆ ನೋಡಿದರು. ನಾನೂ ವೈದ್ಯ ವೃತ್ತಿಯವಳು, ಅವರು ಯಾಕೆ ಹಾಗೆ ನೋಡಿದರೆಂದು ತಿಳಿಯಿತು. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕೊನೆಗೆ ಎಚ್ಚರ ತಪ್ಪುತ್ತದೆ. ಅಂಥ ನೀರಿನ ಪಕ್ಕ ಎಚ್ಚರ ತಪ್ಪಿದವನು ಏನಾಗುತ್ತಾನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದಳದವರು ನದಿಯ ಕೆಳಭಾಗದಲ್ಲಿ ಹುಡುಕತೊಡಗಿದರು. ಕೆಳಭಾಗದಲ್ಲಿ ಎಂದರೆ ಅರ್ಥವೇನೆಂದು ನನಗೆ ಗೊತ್ತಿತ್ತು.

ಆರೂವರೆಗೆ, ಇನ್ನೂ ಬೆಳಕಿರುವಾಗ, ನಾನು ದಂಡೆಯಲ್ಲಿ ಒಬ್ಬಳೇ ನಿಂತೆ. ಕೃಷ್ಣನನ್ನು ಕರೆದೆ, ಮೂಕಾಂಬಿಕೆಯನ್ನು ಕರೆದೆ. ಬಾಯಿ ಸ್ತೋತ್ರ ಹೇಳುತ್ತಿತ್ತು, ಮನಸ್ಸಿಗೆ ಒಂದು ಅಕ್ಷರವೂ ಹತ್ತುತ್ತಿರಲಿಲ್ಲ. ಎದುರಿಗೆ ಕಾಡು, ಕಾಲಬುಡದಲ್ಲಿ ನದಿ. ಆಗ ಆ ಮಣ್ಣಿನ ಮೂರ್ತಿಯ ಮುಖ ನೆನಪಾಯಿತು. ನೆನಪಾದ ಕೂಡಲೇ ನನಗೆ ಬಂದದ್ದು ಭಕ್ತಿಯಲ್ಲ, ಕೋಪ. ಅವಳಿಗೆ ಮಂತ್ರವಿಲ್ಲವಲ್ಲ, ನನ್ನ ಬಾಯಿಗೆ ಬಂದ ಕನ್ನಡದಲ್ಲೇ ಜಗಳ ತೆಗೆದೆ.

“ಅಬ್ನೋಬಮ್ಮ, ಕಾಡು ನಿನ್ನದು, ನೀರು ನಿನ್ನದು. ಹುಡುಕಿ ಹಿಡಿಯುದು ನಿನ್ನ ಕಸುಬು. ಹನ್ನೆರಡು ವರ್ಷ ನಮ್ಮ ಮನೆಯ ಕಲ್ಲುಸಕ್ಕರೆ ತಿಂದಿದ್ದಿ. ಎದ್ದು ಬಾ. ನನ್ನ ಗಂಡನನ್ನು ಹುಡುಕಿ ಕೊಡು.”

ಹಾಗೆ ಹೇಳುತ್ತಾ ಕೆಳಗೆ ನೋಡಿದೆ. ನೀರು ದಂಡೆಗೆ ತಂದು ಎಸೆದ ರಾಶಿಯಲ್ಲಿ ಪ್ಲಾಸ್ಟಿಕ್ ಚೀಲ, ಊಟದ ಡಬ್ಬಿ, ಅವುಗಳ ನಡುವೆ ಜರಿನೂಲಿನ ಯಾರದೋ ಹಳೆಯ ಹಾರ, ಕರ್ಪೂರದ ಪೊಟ್ಟಣ. ಯಾರೋ ನಮ್ಮಂಥವರೇ ಬಿಟ್ಟದ್ದು. ಆ ರಾಶಿಯಲ್ಲಿ ಅದೂ ಕಸವೇ ಆಗಿತ್ತು. ನನಗೆ ನಾಚಿಕೆಯಾಯಿತು. ನದಿಯೇ ಅವಳ ಮೈ. ವಾರಗಟ್ಟಲೆ ಕೊಳೆಸಿದ ಹೂವನ್ನು ಆ ಮೈಮೇಲೆ ಸುರಿಯಲು ನನ್ನ ಗಂಡನನ್ನು ಬರಿಗಾಲಲ್ಲಿ ಕಳಿಸಿ, ಅದನ್ನೇ ಮಡಿ ಎಂದುಕೊಂಡಿದ್ದೆ. ಅಲ್ಲೇ ಹರಕೆ ಹೊತ್ತೆ. ಇನ್ನು ನಿನ್ನ ನೀರಿಗೆ ಒಂದು ದಳವನ್ನೂ ಹಾಕುವುದಿಲ್ಲ ತಾಯಿ. ಅವರು ಬದುಕಿ ಬಂದರೂ ಹಾಕುವುದಿಲ್ಲ, ಬಾರದಿದ್ದರೂ ಹಾಕುವುದಿಲ್ಲ ಎಂದೆ. ಜೀವನದಲ್ಲಿ ಎಷ್ಟೋ ಹರಕೆ ಹೊತ್ತಿದ್ದೇನೆ. ಇಂಥದ್ದು ಮಾಡಿಕೊಟ್ಟರೆ ಇಂಥದ್ದು ಕೊಡುತ್ತೇನೆ ಎಂಬ ಮಾತಿಲ್ಲದ ಹರಕೆ ಅದೊಂದೇ.

ಕತ್ತಲಾದ ಮೇಲೆ ಹುಡುಕಾಟ ನಿಲ್ಲಿಸಿದರು. ಆ ರಾತ್ರಿಯ ಬಗ್ಗೆ ನಾನು ಬರೆಯುವುದಿಲ್ಲ. ಕಾರಿನಲ್ಲಿ ಕಳೆದೆವು. ಮಂಜುಳಾ ಮಾಮಕ್ ಎನ್ನುವ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಿಂದ ರೋಟಿ ತಪಾವ್ ಮಾಡಿ, ಅಂದರೆ ಪೊಟ್ಟಣ ಕಟ್ಟಿಸಿ ತಂದಿದ್ದಳು. ಬೆಳಗಿನವರೆಗೂ ಪೊಟ್ಟಣ ಬಿಚ್ಚಲಿಲ್ಲ.

ಬೆಳಗ್ಗೆ ಏಳಕ್ಕೆ ಅಧಿಕಾರಿ ನಮ್ಮ ಕಾರಿನ ಹತ್ತಿರ ಬಂದರು. ಅವರ ಹಿಂದೆ ಒಬ್ಬ ಮುದುಕಿ. ಹತ್ತಿರದ ಒರಾಂಗ್ ಅಸ್ಲಿ ಹಳ್ಳಿಯವಳು, ಈ ಕಾಡಿನ ಮೂಲ ಜನರವಳು. ಎಲ್ಲರೂ ಮಾಕ್ ಇತಾಮ್ ಎನ್ನುತ್ತಾರಂತೆ. ಎಪ್ಪತ್ತರ ಆಸುಪಾಸು ಇರಬಹುದು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಬೆನ್ನಿಗೆ ಕಟ್ಟಿದ ಉದ್ದನೆಯ ಬೆತ್ತದ ಬುಟ್ಟಿ, ಕಾಲ ಬಳಿ ಕಂದು ಬಣ್ಣದ ನಾಯಿ. ಅನಘಾ ಪಿಸುಮಾತಿನಲ್ಲಿ, “ಅಮ್ಮಾ, ಶಿ ಲುಕ್ಸ್ ಲೈಕ್ ಹರ್,” ಎಂದಳು. ನಮ್ಮ ಗೂಡಿನ ಮೂರ್ತಿಯನ್ನು ನೆನೆದು ನಾನು ಕೈಮುಗಿದೆ.

ಅನಘಾ ಇಲ್ಲಿಯ ಶಾಲೆಯಲ್ಲಿ ಮಲಯ್ ಕಲಿತವಳು, ಮುದುಕಿಯ ಮಾತನ್ನು, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ದ ಸಮೇತ, ನಮಗೆ ದಾಟಿಸಿದಳು. ಮಾಕ್ ಇತಾಮ್ ಹೇಳಿದ್ದು ಇಷ್ಟೇ: “ಇದು ಹಂದಿ ಹುಡುಕುವ ನಾಯಿ. ಮನುಷ್ಯರನ್ನು ಹುಡುಕಿ ಅಭ್ಯಾಸವಿಲ್ಲ. ನೋಡೋಣ ಲಾ.”

ನಮ್ಮವರ ಚಪ್ಪಲಿಯನ್ನು ನಾಯಿಯ ಮೂಗಿಗೆ ಹಿಡಿದರು. ಅದು ಎರಡು ಸುತ್ತು ತಿರುಗಿ, ಕೆಳಭಾಗಕ್ಕಲ್ಲ, ಮೇಲಕ್ಕೆ ಹೊರಟಿತು. ನನ್ನನ್ನು ಬರಬೇಡಿ ಎಂದರು. ನನ್ನ ಮುಖ ನೋಡಿ ದಾರಿ ಬಿಟ್ಟರು. ದಂಡೆ ಹಿಡಿದು ಏರುತ್ತಾ ಹೋದೆವು. ಅರ್ಧ ಗಂಟೆಯ ಮೇಲೆ, ಎರಡು ತೊರೆಗಳು ಕೂಡಿ ನದಿಯಾಗುವ ಜಾಗ ಬಂತು. ಎಡಕ್ಕೆ ದೊಡ್ಡದು, ಅದರ ಪಕ್ಕ ಕಾಲುದಾರಿ. ಬಲಕ್ಕೆ ಸಣ್ಣದು, ಬರಿಯ ಬಂಡೆ. ಮಳೆ ವಾಸನೆಯನ್ನೆಲ್ಲ ತೊಳೆದಿತ್ತು. ನಾಯಿ ಅತ್ತ ಹೋಗಿ ಇತ್ತ ಬಂದು ಕೂತುಬಿಟ್ಟಿತು. ದಾರಿ ಇರುವ ಕಡೆಯೇ ಮನುಷ್ಯ ಹೋಗುವುದು ಸಹಜ ಎಂದು ದಳದವರು ಎಡಕ್ಕೆ ತಿರುಗಿದರು.

ನಾನು ಬಲಕ್ಕೆ ನೋಡಿದೆ. ಸಣ್ಣ ತೊರೆಯ ದಡದಲ್ಲಿ ಒಂದು ಮರದ ಬೇರು ಹೊರಚಾಚಿತ್ತು. ನನ್ನ ತಲೆಗಿಂತ ಒಂದು ಗೇಣು ಮೇಲೆ, ಆ ಬೇರಿನ ತುದಿಯಲ್ಲಿ ಒಂದು ಮೊಳ ಸೇವಂತಿಗೆ ಹಾರ ನೇತಾಡುತ್ತಿತ್ತು.

ಇಲ್ಲಿನ ತಮಿಳರ ಹೂವಿನಂಗಡಿಗಳಲ್ಲಿ ಹಾರ ಕಟ್ಟುವುದು ಬಿಳಿ ನೂಲಿನಲ್ಲಿ. ಉಡುಪಿಯವಳಾದ ನನಗೆ ಬಾಳೆನಾರೇ ಆಗಬೇಕು. ಕಾಂಡೋದ ಹಿಂದಿರುವ ಬಾಳೆಗಿಡದ ಒಣಪಟ್ಟೆ ತಂದು, ನೀರಲ್ಲಿ ನೆನೆಸಿ, ಉಗುರಲ್ಲಿ ಸೀಳಿ ಕಟ್ಟುತ್ತೇನೆ. ಎರಡು ಹೂವಿಗೊಂದು ಗಂಟು, ನಡುನಡುವೆ ತುಳಸಿ. ಗಿಡ ನೋಡಿಕೊಳ್ಳುವವನು ನನ್ನನ್ನು ಕಳ್ಳಿಯಂತೆ ನೋಡುತ್ತಾನೆ, ಅದು ಬೇರೆ ಮಾತು. ಬೇರಿನ ಹತ್ತಿರ ಹೋಗಿ ಕೈಯೆತ್ತಿ ಮುಟ್ಟಿದೆ. ಬಾಳೆನಾರು. ನನ್ನ ಗಂಟು.

“ಇದು ನಾನು ಕಟ್ಟಿದ್ದು,” ಎಂದೆ, ಕನ್ನಡದಲ್ಲೇ. ದಳದವರಿಗೆ ಅರ್ಥವಾಗಲಿಲ್ಲ. ಅನಘಾ ಮಲಯ್‌ನಲ್ಲಿ ಕೂಗಿ ಹೇಳಿದಳು.

ಮಾಕ್ ಇತಾಮ್ ಹಾರವನ್ನು ನೋಡಿದಳು, ನೀರನ್ನು ನೋಡಿದಳು. “ನೀರು ಹೂವನ್ನು ಕೆಳಕ್ಕೆ ತರುತ್ತದೆ, ಮೇಲಕ್ಕೆ ಒಯ್ಯುವುದಿಲ್ಲ. ಹೂ ಬಿಟ್ಟವನು ಈ ತೊರೆಯ ಮೇಲೆ ಇದ್ದಾನೆ,” ಎಂದು ಬಲಕ್ಕೆ ನಡೆದೇಬಿಟ್ಟಳು. ಅಧಿಕಾರಿ ಸೀಟಿ ಊದಿ ಎಲ್ಲರನ್ನೂ ಹಿಂದಕ್ಕೆ ಕರೆದರು.

ಮುಂದಿನದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಬಂಡೆಯಿಂದ ಬಂಡೆಗೆ ಏರುತ್ತಾ ಹೋದೆವು. ಸ್ವಲ್ಪ ದೂರದಲ್ಲಿ ನಾಯಿಗೆ ಮತ್ತೆ ವಾಸನೆ ಹತ್ತಿತು, ಬಾಲ ನೆಟ್ಟಗಾಯಿತು, ನಮ್ಮನ್ನು ಬಿಟ್ಟು ಓಡಿತು. ಆಮೇಲೆ ಬೊಗಳುವ ಸದ್ದು. ಹೋಗಿ ನೋಡಿದರೆ, ತೊರೆಯಿಂದ ಎರಡಾಳೆತ್ತರದಲ್ಲಿ, ಚಾಚಿದ ಬಂಡೆಯ ಕೆಳಗೆ ಒರಗಿ ಕೂತಿದ್ದರು ನಮ್ಮವರು. ಮೈಯೆಲ್ಲ ಕೆಸರು, ಕಾಲು ಕುಂಬಳಕಾಯಿಯಷ್ಟು ಊದಿಕೊಂಡಿತ್ತು. ಕಣ್ಣು ತೆರೆದಿತ್ತು. ನಾಯಿ ಅವರ ಕೈ ನೆಕ್ಕುತ್ತಿತ್ತು. ನನ್ನನ್ನು ನೋಡಿ ಅವರು ಮೊದಲು ಆಡಿದ ಮಾತು ಇದು:

“ವಾರಿಜಾ, ಚಪ್ಪಲಿ ತಂದ್ಯಾ?”

ನಾನು ಅತ್ತೆ, ನಕ್ಕೆ, ಇಷ್ಟು ದೂರ ಯಾರು ಬರಲು ಹೇಳಿದ್ದು ಎಂದು ಚೆನ್ನಾಗಿ ಬೈದೆ. ಮೂರನ್ನೂ ಒಟ್ಟಿಗೇ ಮಾಡಿದೆ ಎಂದು ಅನಘಾ ಈಗಲೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಆರು ಜನ ಸ್ಟ್ರೆಚರ್‌ನಲ್ಲಿ ಹೊತ್ತು ಇಳಿಸಿದರು.

ನಡೆದದ್ದನ್ನು ಅವರೇ ದಾರಿಯಲ್ಲಿ ಹೇಳಿದರು. ಜನ ಕಾಲಿಡದ ಜಾಗ ಎಂದು ನಾನು ಹೇಳಿದ್ದೆನಲ್ಲ. ದೊಡ್ಡ ತೊರೆಯ ಪಕ್ಕ ಕಾಲುದಾರಿ ಕಂಡು, ಅಲ್ಲಿ ಜನ ನಡೆಯುತ್ತಾರೆಂದು ಸಣ್ಣ ತೊರೆ ಹಿಡಿದು ಮೇಲೆ ಹೋಗಿದ್ದರು. ಹೂ ಬಿಟ್ಟು ಇಳಿಯುವಾಗ ಪಾಚಿಯಲ್ಲಿ ಕಾಲು ಜಾರಿ ಪಾದದ ಹರಡು ಮುರಿಯಿತು. ನೀರಿನ ಸದ್ದು ಬದಲಾದದ್ದು ಕೇಳಿ, ಮೊಣಕೈ ಊರಿಕೊಂಡು ಬಂಡೆಯ ಮೇಲಕ್ಕೆ ತೆವಳಿದ್ದರು. ಅವರು ಬಿದ್ದಿದ್ದ ಜಾಗ ಆಮೇಲೆ ಮುಳುಗಿತಂತೆ. ಗಂಟಲು ಕಟ್ಟುವವರೆಗೆ ಕೂಗಿದ್ದರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಚೀಟಿ ನೋಡಿ ಯುವ ವೈದ್ಯೆಯೊಬ್ಬರು ಎರಡನೆಯ ಸಲ ಪರೀಕ್ಷೆ ಮಾಡಿಸಿದರು. ಸಕ್ಕರೆ ಸ್ವಲ್ಪ ಹೆಚ್ಚಿತ್ತು, ಗಾಬರಿಪಡುವಷ್ಟಲ್ಲ. ಇನ್ಸುಲಿನ್ ತೆಗೆದುಕೊಂಡು ಇಡೀ ದಿನ ಊಟವಿಲ್ಲದೆ ಎಚ್ಚರ ತಪ್ಪದೆ ಹೇಗೆ ಉಳಿದಿರಿ ಎಂದು ಕೇಳಿದರು.

“ಕಲ್ಲುಸಕ್ಕರೆ ಇತ್ತು,” ಎಂದರು ನಮ್ಮವರು. “ಚೀಲ ಸುರಿಯುವಾಗ ಹೂವಿನ ಅಡಿಯಲ್ಲಿ ಒಂದು ಮುಷ್ಟಿ ಸಿಕ್ತು. ಪ್ರಸಾದ ಅಲ್ವಾ, ನೀರಿಗೆ ಹಾಕ್ಲಿಕ್ಕೆ ಮನಸ್ಸಾಗ್ಲಿಲ್ಲ, ಕಿಸೆಗೆ ಹಾಕಿದೆ. ಕೈ ನಡುಗ್ಲಿಕ್ಕೆ ಶುರುವಾದಾಗೆಲ್ಲ ಎರಡೆರಡು ಹರಳು ತಿಂದೆ.”

ನಾನು ಬೆಪ್ಪಾದೆ. ನಿರ್ಮಾಲ್ಯದ ಚೀಲಕ್ಕೆ ನೈವೇದ್ಯ ಎಲ್ಲಿಂದ ಬಂತು? ಹೊರಡುವ ದಿನ ಬೆಳಗ್ಗೆ ದೇವರ ಗೂಡು ಒರೆಸಲು ಅನಘಾಳಿಗೆ ಹೇಳಿದ್ದೆ. ಅವಳು ಮಂಚದ ಆ ಬದಿಯಲ್ಲಿ ಉಗುರು ಕಚ್ಚುತ್ತಾ ನಿಂತಿದ್ದಳು.

“ಅಮ್ಮಾ, ಡೋಂಟ್ ಬಿ ಆಂಗ್ರಿ. ಐ ಜಸ್ಟ್ ಡಂಪ್ಡ್ ಎವರಿಥಿಂಗ್ ಇನ್‌ಸೈಡ್ ಲಾ. ಅಬ್ನೋಬಮ್ಮನ ಪ್ಲೇಟ್ ಆಲ್ಸೋ.”

ಬೇರೆ ದಿನವಾಗಿದ್ದರೆ, ನೈವೇದ್ಯಕ್ಕೂ ಒಣಹೂವಿಗೂ ವ್ಯತ್ಯಾಸ ಗೊತ್ತಿಲ್ಲದ ಮಗಳನ್ನು ಹೆತ್ತೆನಲ್ಲ ಎಂದು ಒಂದು ವಾರ ಹೇಳುತ್ತಿದ್ದೆ. ಅಂದು ವಾರ್ಡಿನ ನಡುವೆ ಅವಳನ್ನು ತಬ್ಬಿಕೊಂಡು ಗಟ್ಟಿಯಾಗಿ ನಕ್ಕೆ. ಪಕ್ಕದ ಮಂಚದವರು ಎದ್ದು ನೋಡಿದರು. ನನ್ನ ತಾಯಿ ಅಬ್ನೋಬಮ್ಮ ತನಗಿಟ್ಟ ಅನ್ನವನ್ನು ತಾನು ಉಣ್ಣದೆ ನನ್ನ ಗಂಡನಿಗೆ ಬಡಿಸಿದ್ದಳು. ಅದನ್ನು ಬೇರೆ ಯಾವ ರೀತಿಯಲ್ಲೂ ಅರ್ಥ ಮಾಡಿಕೊಳ್ಳಲು ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಹಾರದ ವಿಷಯವನ್ನೂ ಕೇಳಿದೆ. “ಎಲ್ಲ ಹೂವನ್ನೂ ಒಂದೇ ಕಡೆ ಬಿಟ್ಟದ್ದಾ?”

“ಹೌದು. ಮಳೆಗಿಂತ ಎರಡು ಗಂಟೆ ಮೊದ್ಲು.”

“ಮರ ಉಳಿಲಿಲ್ಲ. ಹಾರ ಹ್ಯಾಗೆ ಉಳೀತು? ಬಯೋಕೆಮಿಸ್ಟ್ರಿಯವರು ನೀವು, ಹೇಳಿ.”

“ಸಿಕ್ಕಿಹಾಕಿಕೊಂಡಿರ್ಬಹುದು,” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮೂಳೆಗೆ ಪ್ಲೇಟ್ ಹಾಕಿದರು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಹೆದ್ದಾರಿಯಲ್ಲಿ ಕಾರು ಓಡಿಸುವ ಧೈರ್ಯ ನನಗಿಲ್ಲ. ದಿನಾ ಪುಚೊಂಗಿನಿಂದ ಎಲ್‌ಆರ್‌ಟಿ ರೈಲು ಹತ್ತಿ, ಇಳಿದು ಎರಡು ಬಸ್ ಬದಲಾಯಿಸಿ, ಗಂಜಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಬರುತ್ತಿದ್ದೆ. ಬಸ್ಸಿನಲ್ಲಿ ಜೊತೆಯಾಗುತ್ತಿದ್ದ ಒಬ್ಬ ತಮಿಳು ಹೆಂಗಸಿಗೆ ಈ ಕಥೆಯನ್ನು ಕಂತು ಕಂತಾಗಿ ಹೇಳಿದೆ. ಎಲ್ಲ ಕೇಳಿ ಆಕೆ, ಅವಳ ಕೋವಿಲ್ ಎಲ್ಲಿದೆ, ನಾನೂ ಹೋಗುತ್ತೇನೆ ಎಂದರು. ಕೋವಿಲ್ ಇಲ್ಲ, ನಮ್ಮ ಗೂಡಿನಲ್ಲಿ ಒಂದು ಮೂರ್ತಿ ಇದೆ, ಅಷ್ಟೇ ಎಂದೆ. ಹೇಳಿದ ಮೇಲೆ ನನಗೇ ಪೇಚಾಯಿತು. ಇಷ್ಟು ಕೊಟ್ಟವಳಿಗೆ ಕೃತಜ್ಞತೆ ಹೇಳಲು ಎಲ್ಲಿಗೆ ಹೋಗುವುದು?

ಹರಕೆಯನ್ನು ಮಾತ್ರ ಆ ವಾರದಿಂದಲೇ ನಡೆಸಿದೆ. ಬಾಲ್ಕನಿಯಲ್ಲಿ ಎರಡು ದೊಡ್ಡ ಕುಂಡ ಇಟ್ಟು, ಇಳಿಸಿದ ಹೂವನ್ನು ಅಂದಂದೇ ಮಣ್ಣಿಗೆ ಸೇರಿಸುತ್ತೇನೆ. ಯಾರೂ ತುಳಿಯದ ಜಾಗವೇ ಅದು. ಮಣ್ಣು ಕಪ್ಪಾಗಿದೆ, ತುಳಸಿ ಸೊಂಟದೆತ್ತರ ಬಂದಿದೆ. ಬಳಗದ ಹಿರಿಯರಲ್ಲಿ ಒಬ್ಬಿಬ್ಬರು ಸಂಪ್ರದಾಯ ಬಿಟ್ಟೆ ಎಂದು ಮುಖ ತಿರುಗಿಸಿದ್ದೀರಿ, ಇರಲಿ. ನಿಮ್ಮ ಚೀಲಗಳಿಗೆ ನಮ್ಮ ಕಾರಿನ ಡಿಕ್ಕಿಯಲ್ಲಿ ಇನ್ನು ಜಾಗವಿಲ್ಲ. ಮಣ್ಣು ಬೇಕಾದರೆ ಕೊಡುತ್ತೇನೆ.

ಜನವರಿಯಲ್ಲಿ ನಮ್ಮವರು ಕೋಲಿಲ್ಲದೆ ನಡೆದ ಮೊದಲ ಭಾನುವಾರ, ಎಲ್ಲಿಗೆ ಹೋಗಬೇಕೆಂದು ನನಗೆ ಹೊಳೆಯಿತು. ಬಳಗದವರು ಇಪ್ಪತ್ತಕ್ಕೂ ಹೆಚ್ಚು ಜನ ಬಂದಿರಿ, ನಕ್ಕವರೂ ಬಂದಿರಿ. ನಿಮಗೆಲ್ಲ ನನ್ನ ನಮಸ್ಕಾರ. ನದಿ ತಿಳಿಯಾಗಿತ್ತು. ಮಾಕ್ ಇತಾಮ್ ನಾಯಿಯ ಜೊತೆ ಬಂದಿದ್ದಳು. ಅನಘಾ ಅವಳಿಗೆ ದೇವಿಯ ಹೆಸರು ಹೇಳಿಕೊಟ್ಟಳು. ಅವಳು ನಾಲಿಗೆಗೆ ಹತ್ತುವವರೆಗೆ ಎರಡು ಮೂರು ಸಲ ಅಂದುಕೊಂಡಳು. ಎಲ್ಲರೂ ನೀರಿಗಿಳಿದು ನಿಂತೆವು. ಹೂವಿಲ್ಲ, ಹಣ್ಣಿಲ್ಲ, ಕರ್ಪೂರವಿಲ್ಲ. ದೇವರ ಮುಂದೆ ಖಾಲಿ ಕೈಯಲ್ಲಿ ನಿಂತು ಅಭ್ಯಾಸವಿಲ್ಲದ ನಾವು, ಕೈ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಂತ್ರವಿಲ್ಲ, ಭಜನೆಯಿಲ್ಲ. ಇದ್ದದ್ದು ಒಂದು ಹೆಸರು. ನಾನು ಅದನ್ನು ಕೂಗಿದೆ. ಗಿರೀಶ ಕೂಗಿದ, ಮಂಜುಳಾ ಕೂಗಿದಳು, ಮುದುಕಿಯೂ ಕೂಗಿದಳು. ಉಡುಪಿಯವರು, ಮೈಸೂರಿನವರು, ಧಾರವಾಡದವರು, ಎಲ್ಲ ಸೇರಿ ಅಬ್ನೋಬಮ್ಮಾ ಎಂದು ಕೂಗಿದೆವು. ಆ ಹೆಸರನ್ನು ಇಷ್ಟು ಜನ ಒಟ್ಟಿಗೆ ಕರೆದು ಎಷ್ಟು ಶತಮಾನಗಳಾಗಿದ್ದವೋ. ನಮ್ಮವರು ಎಲ್ಲರಿಗಿಂತ ಮುಂದೆ, ಮೊಣಕಾಲುದ್ದ ನೀರಿನಲ್ಲಿ, ಗುಣವಾದ ಕಾಲನ್ನು ಗಟ್ಟಿಯಾಗಿ ಊರಿ ನಿಂತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅವರು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ಆ ದಿನ ಅವರ ಕೂಗು ನಮ್ಮೆಲ್ಲರ ಕೂಗನ್ನು ದಾಟಿ, ನೀರಿನ ಸದ್ದನ್ನೂ ದಾಟಿ, ಎದುರಿನ ಬೆಟ್ಟಕ್ಕೆ ಹೋಗಿ ಮುಟ್ಟಿತು.